ಹಿಟ್ಟು, ಮಣ್ಣು, ಬೆಂಡೆಕಾಯಿ ಅಚ್ಚು, ಪೇಪರ್, ತೆಂಗಿನಗರಿ: ಪುಟ್ಟ ಮಕ್ಕಳ ಜೊತೆ ಕೂತು ಮಾಡೋಕೆ ಯಾವುದು ಆರಿಸ್ಕೊಳ್ಳೋದು?

ಏಪ್ರಿಲ್ ರಜೆ ಬಂತು ಅಂದ್ರೆ ನಮ್ಮನೇಲಿ ಬೆಳಗ್ಗೆ 10 ಗಂಟೆಗೇ ಇಬ್ರೂ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಿರ್ತಾರೆ, ಅಮ್ಮ ಇವತ್ತು ಏನ್ ಮಾಡೋಣ ಅಂತ. ದೊಡ್ಡವಳಿಗೆ 6 ವರ್ಷ, ಚಿಕ್ಕವನಿಗೆ 3. ನಾವಿರೋದು ಮೈಸೂರಲ್ಲಿ ಎರಡನೇ ಮಹಡಿ ಮನೆ, ಅಂಗಳ ಇಲ್ಲ, ಒಂದು ಬಾಲ್ಕನಿ ಇದೆ ಅಷ್ಟೇ. ನನ್ನ ತವರು ತೀರ್ಥಹಳ್ಳಿ ಕಡೆ, ಗಂಡನ ಮನೆ ಧಾರವಾಡದ ಹತ್ರ ಒಂದು ಹಳ್ಳಿ, ಹಾಗಾಗಿ ಎರಡೂ ಕಡೆಯ ಆಟಗಳು ನಮ್ಮ ಮಕ್ಕಳಿಗೆ ಸಿಕ್ಕಿವೆ. ಕಳೆದ ಮೂರು ವರ್ಷದಲ್ಲಿ ಹಿಟ್ಟು, ಮಣ್ಣು, ತರಕಾರಿ ಅಚ್ಚು, ಕಾಗದ, ಗರಿ, ಅಂಗಡಿ ಕಿಟ್ಟು ಎಲ್ಲಾನೂ ಮಾಡಿ ನೋಡಿದೀನಿ. ಯಾವ ವಯಸ್ಸಿಗೆ ಯಾವುದು, ಯಾವ ದಿನಕ್ಕೆ ಯಾವುದು ಅಂತ ಕೇಳೋ ಗೆಳತಿಯರಿಗೆ ಬಿಡಿಬಿಡಿಯಾಗಿ ಹೇಳ್ತಿದ್ದಿದ್ದನ್ನ ಇಲ್ಲಿ ಒಟ್ಟಿಗೆ ಹಾಕ್ತಿದೀನಿ.

ಮೊದಲು ನಾನು ಯಾವುದನ್ನ ನೋಡಿ ಆರಿಸ್ತೀನಿ ಅಂತ ಹೇಳಿಬಿಡ್ತೀನಿ. ಮುಗಿದ ಮೇಲೆ ವಸ್ತು ಎಷ್ಟು ಚೆನ್ನಾಗಿ ಕಾಣತ್ತೆ ಅನ್ನೋದನ್ನ ನೋಡಲ್ಲ. ಅದರಲ್ಲಿ ಮಗುವಿನ ಕೈ ಎಷ್ಟು, ನನ್ನ ಕೈ ಎಷ್ಟು ಅಂತ ನೋಡ್ತೀನಿ. ಮುಕ್ಕಾಲು ಪಾಲು ನಾನೇ ಮಾಡಬೇಕು ಅಂತಾದ್ರೆ ಮಗು ಐದು ನಿಮಿಷ ನೋಡಿ ಎದ್ದು ಹೋಗತ್ತೆ, ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ, ಅದಕ್ಕೆ ಮಾಡೋಕೆ ಕೆಲಸಾನೇ ಕೊಟ್ಟಿಲ್ಲವಲ್ಲ. ಇದಾದ ಮೇಲೆ ನೋಡೋದು ಕ್ಲೀನಿಂಗ್ ಎಷ್ಟು ಹೊತ್ತು, ಖರ್ಚೆಷ್ಟು ಅನ್ನೋದನ್ನ.

ಎರಡೂವರೆಯಿಂದ ನಾಲ್ಕು ವರ್ಷದ ಮಗು ಇದ್ರೆ ನನ್ನ ಉತ್ತರ ಹಿಟ್ಟು. ಅಂಗಡೀಲಿ ಡಬ್ಬಿ ಡಬ್ಬಿ ಬಣ್ಣದ ಹಿಟ್ಟು ಸಿಗತ್ತೆ ನಿಜ, ಆದ್ರೆ ಮನೇಲಿ ಮಾಡಿದ್ರೆ 50 ರೂಪಾಯಿ ಒಳಗೆ ದೊಡ್ಡ ಮುದ್ದೆಯಷ್ಟು ಆಗತ್ತೆ. 2 ಕಪ್ ಮೈದಾ, 1 ಕಪ್ ಪುಡಿಉಪ್ಪು, 2 ದೊಡ್ಡ ಚಮಚ ಎಣ್ಣೆ, ಆಮೇಲೆ ಬಿಸಿನೀರು ಸ್ವಲ್ಪ ಸ್ವಲ್ಪಾನೇ ಹಾಕ್ತಾ ಕಲಸೋದು, ಮುಕ್ಕಾಲಿಂದ ಒಂದು ಕಪ್ ನೀರು ಹಿಡಿಯತ್ತೆ, ಚಪಾತಿ ಹಿಟ್ಟಿಗಿಂತ ಒಂಚೂರು ಮೆತ್ತಗಿರಬೇಕು, ಕೈಗೆ ಅಂಟಬಾರದು. ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್ ರಸ, ಪಾಲಕ್ ರುಬ್ಬಿ ಸೋಸಿದ ನೀರು. ರಸ ಹಾಕೋದಾದ್ರೆ ಅಷ್ಟು ನೀರು ಕಮ್ಮಿ ಮಾಡಿ, ಇಲ್ಲಾಂದ್ರೆ ದೋಸೆಹಿಟ್ಟಾಗಿ ಕೂತುಬಿಡತ್ತೆ. ಉಪ್ಪು ಜಾಸ್ತಿ ಇರೋದ್ರಿಂದ ಬೇಗ ಕೆಡಲ್ಲ, ಮುಚ್ಚಳ ಬಿಗಿಯಾಗಿರೋ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿಟ್ರೆ ನಮ್ಮನೇಲಿ ಎರಡು ವಾರ ಆರಾಮಾಗಿ ಬರತ್ತೆ. ಅದೇ ಉಪ್ಪು ಗಾಳಿಯಲ್ಲಿರೋ ತೇವಾನೂ ಎಳ್ಕೊಳ್ಳತ್ತೆ, ಹಾಗಾಗಿ ಜೂನ್ ಜುಲೈ ಮಳೇಲಿ ಹೊರಗಡೆ ಬಿಟ್ರೆ ಬೆಳಗಾಗೋದ್ರೊಳಗೆ ಜಿಗುಟಾಗಿರತ್ತೆ. ಆಗ ಒಂದು ಹಿಡಿ ಮೈದಾ ಸೇರಿಸಿ ನಾದಿದ್ರೆ ಮತ್ತೆ ಸರಿಹೋಗತ್ತೆ. ಅಕ್ಕಿಹಿಟ್ಟಲ್ಲಿ ಮಾಡಬಹುದಾ ಅಂತ ತುಂಬಾ ಜನ ಕೇಳ್ತಾರೆ, ಅಕ್ಕಿಹಿಟ್ಟಿಗೆ ಗೋಧಿಯ ಜಿಗಿ ಇಲ್ಲ, ಎಳೆದ ತಕ್ಷಣ ಕಿತ್ತು ಬರತ್ತೆ, ರೊಟ್ಟಿಗೆ ಉಕ್ಕರಿಸೋ ಥರ ಕುದಿನೀರಲ್ಲಿ ಬೇಯಿಸ್ಕೊಂಡ್ರೆ ಪರವಾಗಿಲ್ಲ. ಗೋಧಿ ಅಲರ್ಜಿ ಇರೋ ಮಗುವಿಗೆ ಅದೇ ದಾರಿ.

ಹಿಟ್ಟಲ್ಲಿ ಮಗುವಿನ ಪಾಲು ಪೂರ್ತಿ ಮಗುವಿಂದೇ. ಲಟ್ಟಿಸೋದು, ಉಂಡೆ ಕಟ್ಟೋದು, ಚಕ್ಕುಲಿ ಒರಳಲ್ಲಿ ಒತ್ತೋದು, ಬಾಟಲಿ ಮುಚ್ಚಳದಲ್ಲಿ ರೌಂಡ್ ಕತ್ತರಿಸೋದು, ಯಾವುದಕ್ಕೂ ನಾನು ಬೇಕಿಲ್ಲ. ನಮ್ಮ ಚಿಕ್ಕವನು ಬೇರೆ ಕೆಲಸಕ್ಕೆ ಹತ್ತು ನಿಮಿಷ ಕೂತ್ರೆ ಹೆಚ್ಚು, ಹಿಟ್ಟು ಕೊಟ್ರೆ ನನ್ನ ಸಾರು ಪಲ್ಯ ಎರಡೂ ಆಗೋವರೆಗೂ ಕೂತಿರ್ತಾನೆ. ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸಿನ ಮಗುವಿಗೆ ಈ ಉಪ್ಪಿನ ಹಿಟ್ಟು ಬೇಡವೇ ಬೇಡ, ಅದರಲ್ಲಿರೋ ಉಪ್ಪು ಸಣ್ಣ ಹೊಟ್ಟೆಗೆ ತುಂಬಾ ಜಾಸ್ತಿ. ಅಂಥವರಿಗೆ ಉಪ್ಪಿಲ್ಲದ ಚಪಾತಿ ಹಿಟ್ಟನ್ನೇ ಒಂದು ಉಂಡೆ ಕೊಟ್ಟು ಸಂಜೆಗೆ ಬಿಸಾಕಿ. ಮನೇಲಿ ನಾಯಿ ಇದ್ರೂ ಅಷ್ಟೇ, ಉಪ್ಪಿನ ಹಿಟ್ಟು ನಾಯಿ ತಿಂದ್ರೆ ಅದರ ಜೀವಕ್ಕೇ ಅಪಾಯ.

ಮಣ್ಣಿನ ವಿಷಯ ಬಂದ್ರೆ ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ನನಗೆ ಮಣ್ಣಿನ ಕೆಲಸ ಗೊತ್ತಾಗಿದ್ದೇ ಮದುವೆ ಆದ್ಮೇಲೆ. ಉತ್ತರ ಕರ್ನಾಟಕದ ಕಡೆ ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರತ್ತೆ, ಮನೆಮನೇಲೂ ಮಣ್ಣಿನ ಜೋಡೆತ್ತು ಮಾಡಿ ಪೂಜೆ ಮಾಡ್ತಾರೆ, ಆಷಾಢದಲ್ಲಿ ಮಂಗಳವಾರ ಮಣ್ಣಲ್ಲೇ ಗುಳ್ಳವ್ವ ಅನ್ನೋ ದೇವೀನ ಮಾಡ್ತಾರೆ. ಹೋದ ವರ್ಷ ಅಮಾವಾಸ್ಯೆಗೆ ಹೋಗಿದ್ದಾಗ ಚಿಕ್ಕವನು ಮಾಡಿದ ಎತ್ತಿಗೆ ಮೂರೇ ಕಾಲು, ಕೊಂಬು ಒಂದು ಕಡೆ ವಾಲಿತ್ತು, ನಾನು ಸರಿ ಮಾಡೋಕೆ ಕೈ ಹಾಕಿದೆ, ಅತ್ತೆ ನನ್ನ ಕೈ ಹಿಡಿದು "ನೀ ಸುಮ್ನ ಕೂಡವಾ, ಅವನ ಎತ್ತು ಅವ ಮಾಡ್ಕೋತಾನ" ಅಂದ್ರು. ಆ ಎತ್ತನ್ನೇ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ರು. ಅವನು ಅವತ್ತಿಡೀ ದೇವರಮನೆ ಬಾಗಿಲು ಬಿಟ್ಟು ಹೋಗಲಿಲ್ಲ. ಮಗುವಿನ ಕೈ ಎಷ್ಟು ನನ್ನ ಕೈ ಎಷ್ಟು ಅನ್ನೋ ನನ್ನ ಲೆಕ್ಕ ಶುರುವಾಗಿದ್ದು ಅಲ್ಲಿಂದಾನೇ.

ಹಿಟ್ಟಿಗೂ ಮಣ್ಣಿಗೂ ಇರೋ ವ್ಯತ್ಯಾಸ ಏನಂದ್ರೆ, ಹಿಟ್ಟಲ್ಲಿ ಮಾಡಿದ್ದು ಮೆತ್ತಗಿರೋದ್ರಿಂದ ನಿಲ್ಲಲ್ಲ, ಆನೆ ಮಾಡಿದ್ರೆ ಅದರ ಭಾರಕ್ಕೇ ಕಾಲು ಕುಸಿಯತ್ತೆ. ಮಣ್ಣಿಗೆ ನಿಲ್ಲೋ ಶಕ್ತಿ ಇದೆ, ಜೊತೆಗೆ ಮಗುವಿನ ಬೆರಳಿಗೆ ಜಾಸ್ತಿ ಬಲಾನೂ ಬೇಕು. ಹಾಗಾಗಿ ನಾಲ್ಕು ವರ್ಷದಿಂದ ಮೇಲೆ ಮಣ್ಣು ಚೆನ್ನಾಗಿ ಹೊಂದತ್ತೆ, ಮೂರು ವರ್ಷದವರು ತಟ್ಟಿ ಚುಚ್ಚಿ ಆಡ್ತಾರೆ, ಅದೂ ಆಗತ್ತೆ. ಜೇಡಿಮಣ್ಣನ್ನ ಕುಂಬಾರರ ಹತ್ರ ಕೇಳಿ ತನ್ನಿ, ಗಣೇಶನ ಹಬ್ಬದ ಹೊತ್ತಿಗಂತೂ ಹದ ಮಾಡಿದ ಮಣ್ಣು ಸುಲಭವಾಗಿ ಸಿಗತ್ತೆ. ಬಯಲುಸೀಮೆಯ ಎರೆಮಣ್ಣನ್ನ ಹಾಗೇ ಬಳಸಿದ್ರೆ ಒಣಗುವಾಗ ತುಂಬಾ ಕುಗ್ಗಿ ಬಿರುಕು ಬಿಡತ್ತೆ, ಬೇಸಿಗೇಲಿ ಹೊಲ ಬಾಯಿ ಬಿಡೋದೂ ಇದೇ ಕಾರಣಕ್ಕೆ. ಸ್ವಲ್ಪ ಹತ್ತಿ ಬಿಡಿಸಿ ಹಾಕಿ ನಾದಿದ್ರೆ ಬಿರುಕು ಕಮ್ಮಿ ಆಗತ್ತೆ. ಕೈಕಾಲು ಅಂಟಿಸುವಾಗ ಎರಡೂ ಕಡೆ ಕಡ್ಡೀಲಿ ಗೀರಿ, ನೀರು ಮಣ್ಣು ಕಲಸಿದ ರಾಡಿ ಹಚ್ಚಿ ಒತ್ತಬೇಕು, ಸುಮ್ನೆ ಒತ್ತಿಟ್ರೆ ಒಣಗಿದ ಮೇಲೆ ಕಳಚಿ ಬೀಳತ್ತೆ, ಆಮೇಲೆ ಮಗು ಅಳೋದನ್ನ ನೋಡೋಕಾಗಲ್ಲ. ಒಣಗಿಸೋದು ನೆರಳಲ್ಲಿ, ಬಿಸಿಲಿಗೆ ಇಡಬೇಡಿ, ಹೊರಗಿನ ಪದರ ಬೇಗ ಒಣಗಿ ಒಳಗೆ ಹಸಿ ಇದ್ರೆ ಸೀಳತ್ತೆ. ಹೆಬ್ಬೆರಳಿಗಿಂತ ದಪ್ಪ ಇರೋ ಭಾಗ ಇಲ್ದಿದ್ರೆ ಒಳ್ಳೇದು.

ಕ್ಲೀನಿಂಗ್ ಬಗ್ಗೆ ಹೇಳ್ಲೇಬೇಕು. ಮಣ್ಣಿನ ಕೈಯನ್ನ ಸಿಂಕಲ್ಲಿ ತೊಳೆಯೋಕೆ ಬಿಡಬೇಡಿ, ಪೈಪಲ್ಲಿ ಹೋಗಿ ಕೂತು ಕಟ್ಟಿಕೊಳ್ಳತ್ತೆ, ನಮ್ಮನೇಲಿ ಒಂದ್ಸಲ ಪೂರ್ತಿ ಪೈಪ್ ಬಿಚ್ಚಿಸಬೇಕಾಯ್ತು. ಈಗ ಬಾಲ್ಕನೀಲಿ ಹಳೇ ಬೆಡ್‌ಶೀಟ್ ಹಾಸಿ ಪಕ್ಕದಲ್ಲಿ ಒಂದು ಬಕೆಟ್ ನೀರಿಡ್ತೀನಿ, ಎಲ್ಲರೂ ಅದರಲ್ಲೇ ಕೈ ತೊಳೆಯೋದು, ಸಂಜೆ ಮೇಲಿನ ತಿಳಿನೀರು ಗಿಡಕ್ಕೆ, ಕೆಳಗೆ ಕೂತ ಮಣ್ಣು ವಾಪಸ್ ಮುದ್ದೆಗೆ. ಸುಡದೇ ಇರೋ ಮಣ್ಣಾದ್ದರಿಂದ ಬೇಡ ಅನ್ನಿಸಿದ ಗೊಂಬೇನ ನೀರಲ್ಲಿ ಹಾಕಿದ್ರೆ ಕರಗತ್ತೆ, ಮತ್ತೆ ಹೊಸದು ಮಾಡಬಹುದು. ಒಣಗಿ ಗಟ್ಟಿಯಾದ ಹಿಟ್ಟಿಗೆ ಈ ಅನುಕೂಲ ಇಲ್ಲ, ಪೇಪರಿಗೂ ಇಲ್ಲ. ಹಾಗಂತ ಗೊಂಬೆ ಮಾಡ್ತೀವಿ ಅಂತ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಮಕ್ಕಳ ಕೈಗೆ ಕೊಡಬೇಡಿ, ಅದು ಗಟ್ಟಿಯಾಗುವಾಗ ಬಿಸಿಯಾಗತ್ತೆ, ಕೈ ಅದರೊಳಗೆ ಇಟ್ಕೊಂಡ್ರೆ ಚರ್ಮ ಸುಡೋಷ್ಟು.

ತರಕಾರಿ ಅಚ್ಚು ಅಂದ್ರೆ ಕತ್ತರಿಸಿದ ತರಕಾರಿಯನ್ನ ಬಣ್ಣಕ್ಕೆ ಅದ್ದಿ ಪೇಪರ್ ಮೇಲೋ ಹಳೇ ಪಂಚೆ ಮೇಲೋ ಒತ್ತೋದು. ಹಿಟ್ಟು, ಮಣ್ಣು ಎರಡಕ್ಕಿಂತ ಇದು ಬೇಗ ಶುರುವಾಗಿ ಬೇಗ ಮುಗಿಯತ್ತೆ, ಬೇರೆ ಬೇರೆ ವಯಸ್ಸಿನ ಮಕ್ಕಳು ನಾಲ್ಕೈದು ಜನ ಸೇರಿದ್ದಾಗ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಎರಡು ವರ್ಷದ್ದು ಬಂದು ಒಂದು ಒತ್ತು ಒತ್ತಿದ್ರೂ ಹೂವು ಮೂಡತ್ತೆ, ಆರು ವರ್ಷದವಳು ಅದೇ ಬೆಂಡೆಕಾಯಲ್ಲಿ ಸೀರೆ ಅಂಚಿನ ಥರ ಸಾಲಾಗಿ ಒತ್ತಿ ಡಿಸೈನ್ ಮಾಡ್ತಾಳೆ. ಬೆಂಡೆಕಾಯಿ ಬಲಿತಿರಬೇಕು, ಪಲ್ಯಕ್ಕೆ ಬರಲ್ಲ ಅಂತ ಪಕ್ಕಕ್ಕಿಡ್ತೀವಲ್ಲ ಅದೇ ಇದಕ್ಕೆ ಒಳ್ಳೇದು, ಎಳೇದು ಒತ್ತಿದ್ರೆ ಅಪ್ಪಚ್ಚಿ. ಕತ್ತರಿಸಿ ಬಟ್ಟೆ ಮೇಲೆ ಒಂದೆರಡು ಸಲ ಒತ್ತಿ ಲೋಳೆ ತೆಗೀರಿ, ಇಲ್ಲಾಂದ್ರೆ ಬಣ್ಣ ಹರಡತ್ತೆ. ಬಾಳೆದಿಂಡಲ್ಲಿ ಸುತ್ತುಸುತ್ತಿನ ಉಂಗುರ ಬರತ್ತೆ, ಪಾಲಕ್ ಕಟ್ಟಿನ ಬುಡಾನ ಕತ್ತರಿಸಿ ಒತ್ತಿದ್ರೆ ಥೇಟ್ ಗುಲಾಬಿ, ಹಾಗಲಕಾಯಿ ಬೀಜ ತೆಗೆದು ಒತ್ತಿದ್ರೆ ಸುತ್ತ ಮುಳ್ಳುಮುಳ್ಳು ಸೂರ್ಯ. ಬಣ್ಣಾನ ತಟ್ಟೆಗೆ ಸುರೀಬೇಡಿ, ಹಳೇ ಕಾಟನ್ ಬಟ್ಟೆ ನಾಲ್ಕು ಮಡಿಕೆ ಮಾಡಿ ಅದಕ್ಕೆ ಬಣ್ಣ ಕುಡಿಸಿಡಿ, ಸ್ಟಾಂಪ್ ಪ್ಯಾಡ್ ಆಗತ್ತೆ, ಅರ್ಧ ಗಲೀಜು ಅಲ್ಲೇ ಕಮ್ಮಿ.

ಅಡುಗೆಮನೆ ಬಣ್ಣ ಬಳಸಿದ್ರೆ ಒಂದು ಲಾಭ ಇದೆ. ಅರಿಶಿನದ ನೀರು ಬಳಿದು ಒಣಗಿಸಿದ ಪೇಪರ್ ಮೇಲೆ ಅಡುಗೆಸೋಡಾ ಕರಗಿಸಿದ ನೀರಲ್ಲಿ ಬತ್ತಿ ಅದ್ದಿ ಬರೆಸಿ, ಬರೆದ ಕಡೆಯೆಲ್ಲ ಕೆಂಪು ಮೂಡತ್ತೆ, ಮೇಲೆ ನಿಂಬೆಹಣ್ಣು ಹಿಂಡಿದ್ರೆ ಮತ್ತೆ ಹಳದಿ. ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗತ್ತಲ್ಲ, ಆರತಿಗೆ ಅರಿಶಿನ ಸುಣ್ಣ ಸೇರಿಸಿ ಓಕುಳಿ ಮಾಡ್ತೀವಲ್ಲ, ಅದೇ ಇದು. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ರೆ ಕಷ್ಟ, ಸೋಡಾ ಸಾಕು. ಶಂಖಪುಷ್ಪದ ಹೂ ನೆನೆಸಿದ ನೀಲಿ ನೀರಿಗೆ ನಿಂಬೆರಸ ಹಾಕಿದ್ರೆ ನೇರಳೆ ಆಗೋದನ್ನ ಮೊದಲ ಸಲ ನೋಡಿದಾಗ ನನ್ನ ಮಗಳು ಅಡುಗೆಮನೇಲಿರೋ ಎಲ್ಲಾ ಹುಳಿ ಪದಾರ್ಥ ಇಳಿಸ್ಕೊಂಡು ಒಂದೊಂದೇ ಹಾಕಿ ನೋಡ್ತಾ ಕೂತಿದ್ಲು, ಹುಣಸೆನೀರು, ಮಜ್ಜಿಗೆ, ಟೊಮ್ಯಾಟೋ ರಸ ಎಲ್ಲ. ಆದ್ರೆ ಈ ಬಣ್ಣಗಳು ಉಳಿಯಲ್ಲ, ಅರಿಶಿನವಂತೂ ಬಿಸಿಲು ಬಿದ್ರೆ ಬೇಗ ಮಾಸತ್ತೆ. ಅಜ್ಜಿತಾತನಿಗೆ ಕೊಡೋ ಕಾರ್ಡು, ಗೋಡೆಗೆ ಹಾಕೋದು ಅಂದ್ರೆ ಪೋಸ್ಟರ್ ಕಲರೇ ಸರಿ.

ಪೇಪರ್ ಎಲ್ಲರ ಮನೇಲೂ ಇರತ್ತೆ, ಅದಕ್ಕೇ ಎಲ್ಲರೂ ಮೊದಲು ಅದಕ್ಕೇ ಕೈ ಹಾಕೋದು, ಆದ್ರೆ ಪುಟ್ಟ ಮಕ್ಕಳಿಗೆ ಇದ್ದಿದ್ರಲ್ಲಿ ಕಷ್ಟದ್ದು ಪೇಪರ್ ಮಡಚೋದೇ ಅಂತ ನನ್ನ ಅನುಭವ. ಮೂಲೆಗೆ ಮೂಲೆ ಕೂಡಿಸಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಗೀರು ಒತ್ತೋದು ಐದು ವರ್ಷದ ಒಳಗೆ ಬಹಳ ಮಕ್ಕಳಿಗೆ ಬರಲ್ಲ, ಸ್ವಲ್ಪ ಓರೆಯಾದ್ರೂ ದೋಣಿ ಬಿಚ್ಚಿಕೊಳ್ಳತ್ತೆ, ಕೊನೆಗೆ ನಾವೇ ಹತ್ತು ದೋಣಿ ಮಾಡಿ ಕೊಡ್ತೀವಿ. ಹಾಗಾಗಿ ಸಣ್ಣವರಿಗೆ ಹರಿಯೋದರಿಂದ ಶುರು ಮಾಡಿ. ಎರಡು ವರ್ಷಕ್ಕೆ ಹರಿಯೋದು, ಹರಿದ ಚೂರನ್ನ ಅಂಟಿಸೋದು. ಮೂರೂವರೆ ನಾಲ್ಕಕ್ಕೆ ಮಕ್ಕಳ ಮೊಂಡು ಕತ್ತರಿ ಕೊಟ್ಟು ಅಂಚು ಕಚ್ಚಿಸೋದು, ಐದಕ್ಕೆ ಗೆರೆ ಮೇಲೆ ಕತ್ತರಿಸೋದು, ಆಮೇಲೆ ದೋಣಿ, ವಿಮಾನ, ಗಾಳಿಪಟ. ಅಂಟಿಗೆ ಒಂದು ಚಮಚ ಮೈದಾನ ಅರ್ಧ ಕಪ್ ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ ಕುದಿಸಿದ್ರೆ ಆಯ್ತು, ಬೆರಳಲ್ಲೇ ಹಚ್ಚಬಹುದು, ಬಾಯಿಗೆ ಹೋದ್ರೂ ಭಯ ಇಲ್ಲ. ಗಟ್ಟಿ ಪೇಪರ್ ಬೇಕಂದ್ರೆ ಹಳೇ ಲಗ್ನಪತ್ರಿಕೆಗಳಿವೆ, ಒಳ್ಳೇ ಬಣ್ಣ, ಒಳ್ಳೇ ದಪ್ಪ. ದೇವರ ಚಿತ್ರ ಇರೋ ಭಾಗ ಕತ್ತರಿಸಿದ್ರೆ ಮನೇಲಿ ಹಿರಿಯರಿಗೆ ಬೇಜಾರಾಗತ್ತೆ, ನನಗೂ ಮನಸ್ಸು ಬರಲ್ಲ, ಅದನ್ನ ಮೊದಲೇ ಬೇರೆ ಮಾಡಿ ದೇವರಮನೇಲಿ ಇಟ್ಟು ಮಿಕ್ಕಿದ್ದು ಮಕ್ಕಳಿಗೆ ಕೊಡ್ತೀನಿ.

ಇಷ್ಟೆಲ್ಲ ಹೇಳಿದ್ರೂ ಮಳೆಗಾಲದಲ್ಲಿ ತವರಿಗೆ ಹೋದಾಗ ಪೇಪರ್ ದೋಣಿ ಮುಂದೆ ಏನೂ ಇಲ್ಲ. ಸೂರಿಂದ ಬೀಳೋ ನೀರು ಅಂಗಳದಲ್ಲಿ ಹರೀತಿರತ್ತೆ, ನ್ಯೂಸ್‌ಪೇಪರ್ ದೋಣಿ ಬೇಗ ನೆನೆದು ಕೂತುಬಿಡತ್ತೆ, ಮಡಚೋಕೆ ಮುಂಚೆ ಹೊರಗೆ ಬರೋ ಕಡೆಗೆ ಮೇಣದಬತ್ತಿ ಚೆನ್ನಾಗಿ ಉಜ್ಜಿ, ಬಚ್ಚಲ ಹಿಂದಿನ ಚರಂಡಿ ತನಕಾನೂ ತೇಲ್ಕೊಂಡು ಹೋಗತ್ತೆ. ಮೇಣ ಉಜ್ಜೋ ಕೆಲಸ ಚಿಕ್ಕವನಿಗೆ, ಮಡಚೋದು ದೊಡ್ಡವಳಿಗೆ, ಇಬ್ಬರಿಗೂ ಪಾಲು ಸಿಗತ್ತೆ.

ತೆಂಗಿನಗರಿ ನನ್ನ ಲೆಕ್ಕಕ್ಕೆ ಸರಿಯಾಗಿ ಕೂರದ ಐಟಂ. ಗರಿ ವಾಚು, ಪೀಪಿ, ಹಾವು, ಗಿರಗಿಟ್ಲೆ, ಇದೆಲ್ಲ ಹೆಣೆಯೋದು ದೊಡ್ಡವರೇ, ಆರು ವರ್ಷಕ್ಕೂ ಹೆಣಿಗೆ ಪೂರ್ತಿ ಬರಲ್ಲ. ಆದ್ರೂ ಬಿಡೋಕಾಗಲ್ಲ, ಯಾಕಂದ್ರೆ ಬೇರೆ ಎಲ್ಲದರಲ್ಲೂ ಮಾಡಿ ಮುಗಿದ್ರೆ ಮುಗೀತು, ಇದರಲ್ಲಿ ಮಾಡಿದ ಮೇಲೇ ಆಟ ಶುರು. ಗಿರಗಿಟ್ಲೆ ಕಡ್ಡಿಗೆ ಸಿಗಿಸಿ ಕೊಟ್ರೆ ಓಡೋದು ನಿಲ್ಲಲ್ಲ, ವಾಚು ಕಟ್ಟಿಕೊಂಡವನು ಬಂದವರಿಗೆಲ್ಲ ಟೈಮ್ ಹೇಳ್ತಾ ತಿರುಗ್ತಾನೆ. ಖರ್ಚು ಸೊನ್ನೆ, ಕ್ಲೀನಿಂಗ್ ಸೊನ್ನೆ. ಎಳೇ ಗರಿ ಬೇಕು, ಕಾಯಿ ಕೀಳೋರು ಬಂದ ದಿನ ಮುಂಚೇನೇ ಹೇಳಿಟ್ರೆ ಒಂದು ಹೆಡೆ ಇಳಿಸಿ ಕೊಡ್ತಾರೆ. ಗರಿ ಅಂಚು ಬೆರಳು ಕೊಯ್ಯತ್ತೆ, ಒಂದ್ಸಲ ನೀವೇ ಬಟ್ಟೆಯಿಂದ ಒರೆಸಿ ಕೊಡಿ. ಮಗುವಿನ ಪಾಲು ಜಾಸ್ತಿ ಬೇಕು ಅಂದ್ರೆ ಹಲಸಿನ ಎಲೆ ಕಿರೀಟ ಮಾಡಿ, ಎಲೆ ತೊಟ್ಟು ಮುರಿದು ಒಂದರ ಮೇಲೊಂದು ಇಟ್ಟು ಗರಿಕಡ್ಡಿ ಚುಚ್ಚೋದು, ಎಲೆ ಆರಿಸಿ ತರೋದು ಚಿಕ್ಕವರು, ಚುಚ್ಚೋದು ಐದು ದಾಟಿದವರು. ನಮ್ಮಮ್ಮ ಇದನ್ನ ಮಾಡೋವಾಗ ಕೈ ನೋಡದೇನೇ ಮಾಡ್ತಾರೆ, ಕೊಟ್ಟೆ ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಕಟ್ಟಿ ಬಂದ ಕೈ ಅದು.

ಎಲೆ ಬೀಜ ಅಂದಾಗ ಒಂದು ಮಾತು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಗುಲಗಂಜಿ ನೋಡೋಕೆ ತುಂಬಾ ಚಂದ, ಮಣ್ಣಿನ ಗಣಪತಿಗೆ ಕಣ್ಣಿಗೆ ಇಡ್ತಾರೆ, ಆದ್ರೆ ಆ ಬೀಜ ಅಗಿದು ನುಂಗಿದ್ರೆ ಭಯಂಕರ ವಿಷ, ಹರಳೆಣ್ಣೆ ತೆಗೆಯೋ ಹರಳು ಬೀಜಾನೂ ಹಾಗೇ. ಕಣಗಿಲೆ ಎಲೆ, ಹಳದಿ ಕಣಗಿಲೆ ಕಾಯಿ ಕೂಡ ಮಕ್ಕಳ ಕ್ರಾಫ್ಟಿಗೆ ಬೇಡ. ಕಣ್ಣಿಗೆ ಕಾಳುಮೆಣಸೋ ಉದ್ದಿನಕಾಳೋ ಸಾಕು, ಅದೂ ಮೂರು ದಾಟಿದವರಿಗೆ. ಅದಕ್ಕಿಂತ ಸಣ್ಣವರಿಗೆ ಕಾಳೇ ಬೇಡ, ಕಡ್ಡೀಲಿ ಚುಚ್ಚಿದ ತೂತೇ ಕಣ್ಣು. ಮೂಗಿಗೆ ಹಾಕ್ಕೊಂಡ ಕಡಲೆಕಾಳು ಒಳಗೆ ನೆನೆದು ಊದಿದ್ರೆ ತೆಗೆಯೋದು ಡಾಕ್ಟರಿಗೂ ಕಷ್ಟ. ನೀರಲ್ಲಿ ಹಾಕಿದ್ರೆ ದಪ್ಪ ಆಗೋ ಬಣ್ಣಬಣ್ಣದ ಜೆಲ್ ಗುಂಡುಗಳನ್ನಂತೂ ಮನೆ ಒಳಗೇ ತರಬೇಡಿ, ನುಂಗಿದ್ರೆ ಹೊಟ್ಟೇಲೂ ಹಾಗೇ ದಪ್ಪ ಆಗತ್ತೆ.

ಅಂಗಡಿ ಕಿಟ್ ಬಗ್ಗೆ ಸ್ವಲ್ಪಾನೇ ಹೇಳ್ತೀನಿ. ಒಂದು ಹುಟ್ಟಿದಹಬ್ಬಕ್ಕೆ ಬಂದ ಕಿಟ್ಟಲ್ಲಿ ಮೂರು ವರ್ಷ ಮೇಲ್ಪಟ್ಟು ಅಂತ ಬರೆದಿತ್ತು, ಒಳಗೆ ನೋಡಿದ್ರೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮಣಿ, ಅಂಟಿಸೋ ಕಣ್ಣು, ಎಲ್ಲಾ ಮೊದಲೇ ಕತ್ತರಿಸಿಟ್ಟಿದ್ದು. ಮಗು ಮಾಡೋಕೆ ಉಳಿದಿದ್ದು ಅಂಟಿಸೋದೊಂದೇ, ಎಲ್ಲಿ ಅಂಟಿಸಬೇಕು ಅನ್ನೋದೂ ಪ್ರಿಂಟ್ ಆಗಿತ್ತು. ಒಂದ್ಸಲ ಮುಗಿದ್ರೆ ಖಾಲಿ ಡಬ್ಬ. ರೈಲಲ್ಲಿ ದೂರ ಹೋಗುವಾಗ, ಆರು ವರ್ಷ ದಾಟಿದವರಿಗೆ ಅನುಕೂಲ ಅಂತ ಒಪ್ತೀನಿ. ಅದೇ ದುಡ್ಡಲ್ಲಿ ಒಂದು ಒಳ್ಳೇ ಮಕ್ಕಳ ಕತ್ತರಿ, ಆರು ಬಾಟಲಿ ಪೋಸ್ಟರ್ ಕಲರ್, ಒಂದು ಕಟ್ಟು ಬಿಳಿ ಹಾಳೆ ತಂದಿಟ್ರೆ ನಮ್ಮನೇಲಿ ಒಂದು ಬೇಸಿಗೆ ಕಳೆಯತ್ತೆ.

ಹಾಗಾದ್ರೆ ನಾಳೆ ಬೆಳಗ್ಗೆ ಯಾವುದು? ನಿಮಗೆ ಅಡುಗೆ ಇದೆ, ಮಗು ಒಂದೇ ಕೂತು ಆಡಬೇಕು ಅಂದ್ರೆ ಹಿಟ್ಟು. ಅಕ್ಕಪಕ್ಕದ ಮಕ್ಕಳೆಲ್ಲ ಬರ್ತಾರೆ ಅಂದ್ರೆ ಬೆಂಡೆಕಾಯಿ. ಭಾನುವಾರ, ಇಡೀ ದಿನ ಖಾಲಿ, ಬಾಲ್ಕನಿ ಗಲೀಜಾದ್ರೂ ಸಂಜೆ ತೊಳೆಯೋಕೆ ಮನೇಲಿ ಇನ್ನೊಬ್ರು ಇದ್ದಾರೆ ಅಂದ್ರೆ ಕಣ್ಣುಮುಚ್ಚಿ ಮಣ್ಣು ತೆಗೀರಿ. ಸಂಜೆ ಆರಕ್ಕೆ ಆಫೀಸಿಂದ ಸುಸ್ತಾಗಿ ಬಂದು ಅರ್ಧ ಗಂಟೆ ಮಗು ಜೊತೆ ಕೂರಬೇಕು ಅನ್ನೋರಿಗೆ ಹರಿದು ಅಂಟಿಸೋ ಪೇಪರ್ ಕೆಲಸ, ಚಾಪೆ ಮಡಚಿದ್ರೆ ಕ್ಲೀನಿಂಗ್ ಮುಗೀತು. ಮಗುವಿಗೆ ಕೈಗೆ ಅಂಟೋದು ಅಂದ್ರೆ ಆಗಲ್ಲ, ಹಿಟ್ಟು ಮುಟ್ಟಿದ್ರೆ ಅಳತ್ತೆ ಅಂತಿದ್ರೆ ಬಲವಂತ ಮಾಡಬೇಡಿ, ತರಕಾರಿ ಅಚ್ಚಲ್ಲಿ ಬೆಂಡೆಕಾಯಿ ತೊಟ್ಟು ಹಿಡ್ಕೊಳ್ಳೋದ್ರಿಂದ ಬಣ್ಣ ಕೈಗೆ ತಾಗಲ್ಲ, ಅಲ್ಲಿಂದ ಶುರು ಮಾಡಿ.

ಮಾಡಿದ್ದನ್ನೆಲ್ಲ ಎಲ್ಲಿಡೋದು ಅಂತಾನೂ ಕೇಳ್ತಾರೆ. ಹಿಟ್ಟಿಂದು ಡಬ್ಬಿಗೆ ವಾಪಸ್, ಗರಿ ಎರಡು ದಿನಕ್ಕೆ ಒಣಗಿ ಹೋಗತ್ತೆ, ಪೇಪರಿಂದು ಒಂದು ಫೈಲಲ್ಲಿ ತಾರೀಖು ಬರೆದು ಹಾಕಿಡ್ತೀನಿ. ಮಣ್ಣಿಂದಕ್ಕೆ ನಮ್ಮನೇಲಿ ದಸರಾ ಇದೆ. ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಮಕ್ಕಳಿಗೆ ಬಿಟ್ಟುಕೊಟ್ಟಿದೀನಿ, ಪಟ್ಟದ ಗೊಂಬೆ ಮೇಲೆ, ಚನ್ನಪಟ್ಟಣದ ಗೊಂಬೆಗಳು ನಡುವೆ, ಕೆಳಗೆ ಮಗಳ ಆನೆ, ಒಂದು ಒರಳುಕಲ್ಲು, ಪಕ್ಕದಲ್ಲಿ ಮೂರು ಕಾಲಿನ ಎತ್ತು. ಗೋಡೆಗೆ ಒರಗಿಸಿ ಇಟ್ರೆ ನಿಲ್ಲತ್ತೆ.